ಮಗುವನ್ನು ಮುಂದೆ ಕೂರಿಸಿಕೊಂಡು

ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿದ್ದು ಯಾವ ವರ್ಷ ಎಂದು ನಮ್ಮ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ 1853 ಎಂದು ಹೇಳಿಬಿಡುತ್ತಾರೆ. ಉಗಿಯಂತ್ರಕ್ಕೆ, ತಂತಿ ಅಂಚೆಗೆ, ಸೂಯೆಜ್ ಕಾಲುವೆಗೆ ಎಲ್ಲಕ್ಕೂ ಪಾಠದಲ್ಲಿ ಜಾಗವಿದೆ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಯಾವುದನ್ನು ತುಳಿದುಕೊಂಡು ಶಾಲೆಗೆ ಬಂದರೋ ಆ ಸೈಕಲ್ಲನ್ನು ಮಾತ್ರ ಯಾರೂ ಪಾಠವೆಂದು ತಿಳಿಯುವುದಿಲ್ಲ. ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ತರಗತಿಯಲ್ಲಿ ಹೇಳಲು ಪುರಸೊತ್ತಾಗದ ಆ ಪಾಠವನ್ನು ಇಲ್ಲಿ ಒಂದಿಷ್ಟು ಹೇಳೋಣವೆನಿಸಿದೆ. ಸೈಕಲ್ಲಿನ ಇಡೀ ಚರಿತ್ರೆಯನ್ನಲ್ಲ, ಅದು ನನ್ನ ಅಳವಿಗೆ ಮೀರಿದ್ದು. ಅದರ ಒಂದು ಮೂಲೆಯನ್ನು ಮಾತ್ರ: ಮಡಿಲಲ್ಲಿ ಚಿಕ್ಕ ಮಗುವಿದ್ದ ತಾಯಿ ಮತ್ತೆ ಸೈಕಲ್ ಹತ್ತಿದ ಕಥೆಯನ್ನು. ಹುಡುಗಿಯರು ಸೈಕಲ್ ಕಲಿತದ್ದನ್ನು ಬರೆದವರಿದ್ದಾರೆ, ಭಾಷಣ ಮಾಡಿದವರಿದ್ದಾರೆ. ಕಲಿತವಳು ಮದುವೆಯಾಗಿ, ಹೆತ್ತು, ಮತ್ತೊಮ್ಮೆ ಪೆಡಲಿನ ಮೇಲೆ ಕಾಲಿಟ್ಟಳೇ ಎಂದು ಕೇಳಿದವರು ಕಡಿಮೆ.

ಈಗ ನಾವು ನೋಡುವ ರೂಪದ ಸೈಕಲ್, ಅಂದರೆ ಎರಡು ಗಾಲಿಗಳು ಹೆಚ್ಚುಕಡಿಮೆ ಸಮನಾಗಿದ್ದು ಚೈನಿನಿಂದ ಹಿಂದಿನ ಗಾಲಿ ತಿರುಗುವಂಥದ್ದು, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಯಾರಿಸಿದ ‘ರೋವರ್’ನಿಂದ ನೆಲೆಗೊಂಡಿತು. ಆದರೆ ಅದರ ಗಾಲಿಗಿದ್ದದ್ದು ಗಟ್ಟಿ ರಬ್ಬರು. ಕಲ್ಲು ಹಾಸಿದ ಬೀದಿಯಲ್ಲಿ ಅದನ್ನು ತುಳಿದವರ ಸೊಂಟದ ಪಾಡು ಏನಾಗಿರಬೇಕು, ನೀವೇ ಊಹಿಸಿ. ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದವನು ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯ. ಸ್ಕಾಟ್ಲೆಂಡಿನ ಥಾಮ್ಸನ್ ಎಂಬಾತ ನಲವತ್ತು ವರ್ಷ ಮೊದಲೇ ಅಂಥದ್ದೊಂದಕ್ಕೆ ಹಕ್ಕು ಪಡೆದಿದ್ದ, ಆದರೆ ಅದು ಮೂಲೆ ಸೇರಿತ್ತು. ಡನ್ಲಪ್ ಟೈರು ಮಾಡಿದ್ದು ಪಂದ್ಯಕ್ಕಲ್ಲ, ಮಾರಾಟಕ್ಕೂ ಅಲ್ಲ. ತನ್ನ ಪುಟ್ಟ ಮಗನ ಮೂರು ಗಾಲಿಯ ಸೈಕಲ್ ಕುಲುಕಬಾರದೆಂದು ರಬ್ಬರು ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದ. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಲಾರಿ, ವಿಮಾನ, ಟ್ರ್ಯಾಕ್ಟರ್ ಎಲ್ಲಕ್ಕೂ ಇಂದು ಆಧಾರವಾಗಿರುವ ಗಾಳಿ ಟೈರು ಹೀಗೆ ಒಂದು ಮಗುವಿನ ಸುಖಕ್ಕಾಗಿ ಬಂತೆನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಆಮೇಲಿನ ಹತ್ತು ವರ್ಷಗಳಲ್ಲಿ ಯುರೋಪು, ಅಮೆರಿಕದ ಹೆಂಗಸರು ಸೈಕಲ್ ಹತ್ತಿದರು. ನೆಲ ಗುಡಿಸುವ ಲಂಗ ಚೈನಿಗೆ ಸಿಕ್ಕುತ್ತದೆಂದು ಉಡುಪು ಬದಲಾಯಿತು. ಸೈಕಲ್ ತುಳಿದರೆ ಹೆಂಗಸಿನ ಮುಖ ಬಿಗಿದುಕೊಂಡು ಕುರೂಪವಾಗುತ್ತದೆ ಎಂದು ಕೆಲವು ವೈದ್ಯರು ಎಚ್ಚರಿಸಿದರು; ಅದಕ್ಕೆ ‘ಸೈಕಲ್ ಮುಖ’ ಎಂಬ ಹೆಸರನ್ನೂ ಇಟ್ಟರು. (ಮೂರು ಹೊತ್ತೂ ಒಲೆಯ ಮುಂದೆ ಕೂತು ಬಿಗಿದುಕೊಳ್ಳುವ ಮುಖಕ್ಕೆ ಯಾವ ವೈದ್ಯನೂ ಹೆಸರಿಟ್ಟಂತಿಲ್ಲ.) ಈ ಗದ್ದಲದ ನಡುವೆ ನಾನು ಹುಡುಕುವುದು ತಾಯಂದಿರನ್ನು. ಆನಿ ಕೊಪ್ಚೋವ್‌ಸ್ಕಿ ಎಂಬಾಕೆ 1894ರಲ್ಲಿ ಬಾಸ್ಟನ್ನಿನಿಂದ ಸೈಕಲ್ ಜೊತೆ ಲೋಕ ಸುತ್ತಲು ಹೊರಟು 1895ರಲ್ಲಿ ಮರಳಿದಳು. ‘ಆನಿ ಲಂಡನ್‌ಡೆರಿ’ ಎಂದು ಪತ್ರಿಕೆಗಳು ಕೊಂಡಾಡಿದ ಈಕೆಗೆ ಮೂವರು ಚಿಕ್ಕ ಮಕ್ಕಳಿದ್ದರು. ಅವರನ್ನು ಗಂಡನ ಬಳಿ ಬಿಟ್ಟು ಹೋಗಿದ್ದಳು. ಅದೇ 1895ರಲ್ಲಿ ಮದುವೆಯಾದ ಮೇರಿ ಕ್ಯೂರಿ, ಪಿಯರ್ ಕ್ಯೂರಿ ದಂಪತಿ ಮದುವೆಗೆ ಬಂದ ಉಡುಗೊರೆಯ ಹಣದಲ್ಲಿ ಎರಡು ಸೈಕಲ್ ಕೊಂಡು ಹಳ್ಳಿಗಾಡು ಸುತ್ತಿದರು. ಮಗಳು ಐರೀನ್ 1897ರಲ್ಲಿ ಹುಟ್ಟಿದ ಮೇಲೆ ಮೇರಿ ಮತ್ತೆ ಪ್ರಯೋಗಾಲಯಕ್ಕೆ ಹೋಗಲು ಸಾಧ್ಯವಾದದ್ದು ಮಾವ ಯುಜೀನ್ ಕ್ಯೂರಿ ಮನೆಗೆ ಬಂದು ಮೊಮ್ಮಗಳನ್ನು ನೋಡಿಕೊಂಡದ್ದರಿಂದ. ಇಬ್ಬರ ಕಥೆಯಲ್ಲೂ ಮಗು ಇರುವುದು ಬೇರೆಯವರ ಕೈಯಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಗುವನ್ನು ನೋಡಿಕೊಳ್ಳಲು ಮಾವನೋ ಗಂಡನೋ ಇಲ್ಲದವಳು, ಮಗುವನ್ನೂ ಹೊತ್ತುಕೊಂಡೇ ಹೋಗಬೇಕಾದವಳು ಏನು ಮಾಡಿದಳು?

ನಮ್ಮ ದೇಶಕ್ಕೆ ಸೈಕಲ್ ಮೊದಲು ಹಡಗಿನಲ್ಲಿ ಬಂತು. ರ್‍ಯಾಲಿ, ಹಂಬರ್, ಬಿ.ಎಸ್.ಎ. ಎಲ್ಲ ವಿಲಾಯಿತಿ ಹೆಸರುಗಳೇ. ಸ್ವಾತಂತ್ರ್ಯ ಬಂದ ಮೇಲೆ ಮದರಾಸಿನಲ್ಲಿ ಹರ್ಕ್ಯುಲಿಸ್, ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ತಯಾರಾದವು. ಗುಮಾಸ್ತರು, ಪೋಸ್ಟ್‌ಮ್ಯಾನ್‌ಗಳು, ಹಾಲಿನವರು, ಗಿರಣಿ ಕೆಲಸಗಾರರು ಕೊಂಡರು. ಆ ಕರಿಯ ಭಾರದ ಸೈಕಲ್ಲಿಗೆ ಸೀಟಿನಿಂದ ಹ್ಯಾಂಡಲ್ಲಿನವರೆಗೆ ಒಂದು ಅಡ್ಡ ಬಾರು. ಕಾಲು ಎತ್ತಿ ಹಿಂದಿನಿಂದ ಹಾಕಿ ಹತ್ತಬೇಕು. ಸೀರೆ ಉಟ್ಟವಳಿಗೆ ಅದೊಂದು ಬೇಲಿ. ಬೇಲಿಯ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ನಾನು ಹುಟ್ಟಿ ಬೆಳೆದ ದಾವಣಗೆರೆ ಸೈಕಲ್ಲಿಗೆಂದೇ ಮಾಡಿದಂಥ ಊರು. ಏರಿಲ್ಲ, ಇಳಿಜಾರಿಲ್ಲ, ಸಪಾಟು ನೆಲ. ಹತ್ತಿ ಗಿರಣಿಗಳ ಕಾಲದಲ್ಲಿ ಪಾಳಿ ಬದಲಾಗುವ ಸೈರನ್ ಕೂಗಿತೆಂದರೆ ರಸ್ತೆ ತುಂಬ ಸೈಕಲ್ಲುಗಳೇ. ಕ್ಯಾರಿಯರ್‌ಗೆ ಸಿಕ್ಕಿಸಿದ ಬುತ್ತಿಯ ಡಬ್ಬಿಗಳು ಗಲಗಲ ಎನ್ನುತ್ತ ಹೋಗುವುದು ನನ್ನ ಕಿವಿಯಲ್ಲಿ ಇನ್ನೂ ಇದೆ. ನಮ್ಮಪ್ಪ ಗಿರಣಿಯೊಂದರಲ್ಲಿ ಗುಮಾಸ್ತರು. ಅವರ ಹರ್ಕ್ಯುಲಿಸ್ ನನಗೆ ಎತ್ತರವಾಗುತ್ತಿತ್ತು. ಬಾಡಿಗೆ ಸೈಕಲ್ ಅಂಗಡಿಯಿಂದ ಗಂಟೆಗೆ ಎಂಟಾಣೆ ಕೊಟ್ಟು ಚಿಕ್ಕ ಸೈಕಲ್ ತಂದು, ತಮ್ಮನ ಜೊತೆ ಒಳಪೆಡಲು ಹೊಡೆದು ಕಲಿತೆ. ಹೈಸ್ಕೂಲಿಗೆ ಬಂದಾಗ ಅಪ್ಪ ಒಂದು ಲೇಡೀಸ್ ಸೈಕಲ್ ಕೊಡಿಸಿದರು. ಅದರಲ್ಲೇ ಪಿಯುಸಿ, ಬಿ.ಎ. ಮುಗಿಸಿದೆ. 1993ರಲ್ಲಿ ಮದುವೆಯಾಯಿತು. ಸೈಕಲ್ ತವರಿನ ಹಿತ್ತಲಲ್ಲಿ ನಿಂತಿತು. ಯಾರೂ ‘ಬಿಡು’ ಎಂದು ಹೇಳಲಿಲ್ಲ, ಯಾರೂ ಹೇಳಬೇಕಾಗಿರಲಿಲ್ಲ. ಮದುವೆಯಾದವಳು ಲಂಗ ದಾವಣಿ ಬಿಟ್ಟಂತೆ ಅದೂ ಬಿಟ್ಟುಹೋಗುವುದು ಪದ್ಧತಿಯಾಗಿತ್ತು.

1995ರಲ್ಲಿ ಮಗಳು ಹುಟ್ಟಿದಳು, ಮರುವರ್ಷ ನನಗೆ ಕೆಲಸ ಸಿಕ್ಕಿತು. ಮಗು ಅತ್ತೆಯ ಬಳಿ ಇರುತ್ತಿತ್ತು. 1999ರಲ್ಲಿ ಅವಳನ್ನು ಶಿಶುವಿಹಾರಕ್ಕೆ ಸೇರಿಸುವ ಹೊತ್ತಿಗೆ ಅತ್ತೆಯವರ ಮಂಡಿ ನೋವು ಹೆಚ್ಚಿತ್ತು. ಮನೆಯಿಂದ ನನ್ನ ಶಾಲೆ ಮೂರು ಕಿಲೋಮೀಟರು, ಶಿಶುವಿಹಾರ ನಡುದಾರಿಯಲ್ಲಿ. ನಮ್ಮವರ ಸ್ಕೂಟರು ಹೋಗುವುದು ಊರಿನ ಇನ್ನೊಂದು ತುದಿಗೆ, ಅದೂ ಒಂದು ಗಂಟೆ ಮೊದಲು. ಸಿಟಿ ಬಸ್ಸು ಬಂದರೆ ಬಂತು. ದಿನಕ್ಕೆರಡು ಬಾರಿ ಆಟೋ ಎಂದರೆ ಆಗಿನ ಸಂಬಳದಲ್ಲಿ ತಿಂಗಳ ಕೊನೆಗೆ ಕೈ ಬಿಗಿಯಾಗುತ್ತಿತ್ತು. ಒಂದು ಭಾನುವಾರ ತವರಿಗೆ ಹೋಗಿ ಹಿತ್ತಲಿನ ಸೈಕಲ್ ಹೊರಗೆ ತೆಗೆಸಿದೆ. ಟೈರು ಟ್ಯೂಬು ಎರಡೂ ಹೊಸದು, ಬ್ರೇಕ್ ರಬ್ಬರು ಹೊಸದು, ಚೈನಿಗೆ ಸೀಮೆಎಣ್ಣೆಯ ಸ್ನಾನ. ಮಗುವನ್ನು ಎಲ್ಲಿ ಕೂರಿಸುವುದು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿದರೆ ಪುಟ್ಟ ಕಾಲು ಕಡ್ಡಿಗಳ ನಡುವೆ ಹೋಗುತ್ತದೆ. ಹಾಗೆ ಹಿಮ್ಮಡಿ ಕಿತ್ತುಕೊಂಡ ಮಕ್ಕಳನ್ನು ನಮ್ಮ ಬೀದಿಯಲ್ಲೇ ಕಂಡಿದ್ದೆ. ಲೇಡೀಸ್ ಸೈಕಲ್ಲಿಗೆ ಮುಂದೆ ಬಾರಿಲ್ಲ. ಸೈಕಲ್ ಶಾಪಿನ ಸಾಬರು ಬಹಳ ಹೊತ್ತು ನೋಡಿ, ‘ಟೀಚರಮ್ಮ, ಬೆತ್ತದ ಸೀಟು ಬರ್ತದೆ, ಹ್ಯಾಂಡಲ್‌ಗೆ ಕೊಕ್ಕೆ ಹಾಕಿ ಕಟ್ತೀನಿ. ಮಗು ನಿಮ್ಮ ಕಣ್ಣೆದುರಿಗೇ ಇರ್ತದೆ’ ಎಂದರು. ಕಾಲಿಡಲು ಕೆಳಗೆ ಎರಡು ಕಬ್ಬಿಣದ ಪಟ್ಟಿಗಳನ್ನೂ ಬೆಸೆದುಕೊಟ್ಟರು. ಸೀರೆ ಸಿಕ್ಕದಂತೆ ಹಿಂದಿನ ಗಾಲಿಗೆ ಜಾಲರಿ ಹಾಕಿದರು. ಶಾಲೆಗೆ ಚೂಡಿದಾರ ಹಾಕುವಂತಿರಲಿಲ್ಲ ಆಗ.

‘ನೋಡವ್ವಾ, ನಮ್ಮ ಮನೆತನದಾಗೆ ಸೊಸೆಯಂದಿರು ಸೈಕಲ್ ತುಳಿದಿಲ್ಲ’ ಎಂದು ಅತ್ತೆ ಅಂದರು. ಅವರ ಭಯ ಮಾನದ್ದಲ್ಲ, ಮೊಮ್ಮಗಳದ್ದು ಎಂದು ನನಗೆ ತಿಳಿಯುತ್ತಿತ್ತು. ಮೊದಲ ವಾರ ನಾನು ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು ಬೀದಿ ತಿರುಗುವವರೆಗೂ ನೋಡುತ್ತಿದ್ದರು. ಎರಡನೆಯ ತಿಂಗಳಿಗೆ, ‘ಬರ್ತಾ ಒಂದು ಕಟ್ಟು ಮೆಂತ್ಯ ಸೊಪ್ಪು ತಾ, ಹಂಗೇ ಮಾತ್ರೆ ಅಂಗಡಿ ದಾರಿಯಾಗೇ ಐತಲ್ಲ’ ಎನ್ನುವಷ್ಟಾಯಿತು. ಬೀದಿಯವರು ಸುಮ್ಮನಾಗಲು ಇನ್ನೂ ಒಂದಿಷ್ಟು ದಿನ ಹಿಡಿಯಿತು. ಸಹೋದ್ಯೋಗಿಗಳಲ್ಲಿ ಒಬ್ಬರು, ಮಕ್ಕಳ ಮುಂದೆ ಟೀಚರು ಹೀಗೆ ಬರುವುದು ಗೌರವವಲ್ಲ ಎಂದರು. ಅವರೂ ಸೈಕಲ್ಲಿನಲ್ಲೇ ಬರುತ್ತಿದ್ದರು ಎನ್ನುವುದನ್ನು ನಾನು ನೆನಪಿಸಲಿಲ್ಲ.

ಅಶೋಕ ರಸ್ತೆಯ ರೈಲ್ವೆ ಗೇಟು ನಮ್ಮೂರಿನವರಿಗೆಲ್ಲ ಗೊತ್ತು. ಅದು ಬಿದ್ದರೆ ಇಡೀ ಊರು ಎರಡು ಹೋಳು. ಆ ಗೇಟಿನ ಮುಂದೆ ಒಂದು ಕಾಲೂರಿ ನಿಂತು ನನ್ನ ಮಗಳು ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತ ಐವತ್ತರವರೆಗೆ ಎಣಿಸಲು ಕಲಿತಳು. ‘ಅಮ್ಮಾ, ಈ ಬೋರ್ಡಲ್ಲಿ ನನ್ನ ಅ ಇದೆ’ ಎಂದು ಅಂಗಡಿ ಹಲಗೆಗಳನ್ನು ಓದಿದಳು. ಅವಳ ತಲೆ ನನ್ನ ಗದ್ದದ ಕೆಳಗೆ ಇರುತ್ತಿತ್ತು; ಅವಳು ಆಡಿದ್ದೆಲ್ಲ ಗಾಳಿಯಲ್ಲಿ ನೇರ ನನ್ನ ಕಿವಿಗೆ ಬರುತ್ತಿತ್ತು. ಮನೆಯಲ್ಲಿ ಅಡಿಗೆ, ಉತ್ತರ ಪತ್ರಿಕೆ, ಬಂದವರು ಹೋದವರು ಇವುಗಳ ನಡುವೆ ನನಗೂ ಅವಳಿಗೂ ಸಿಗದ ಹೊತ್ತು ಈ ಮೂರು ಕಿಲೋಮೀಟರಿನಲ್ಲಿ ಸಿಕ್ಕಿತು.

ಆದರೆ ರಸ್ತೆ ಹಿಂದಿನದಾಗಿರಲಿಲ್ಲ. ರಸ್ತೆಯೂ ಬದಲಾಗಿತ್ತು, ಅದಕ್ಕಿಂತ ಹೆಚ್ಚಾಗಿ ನೋಡುವ ಕಣ್ಣು ಬದಲಾಗಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಲಾರಿಯ ಪಕ್ಕದಲ್ಲೇ ಕೈಬಿಟ್ಟು ಹೋದವಳು ಮೂವತ್ತರಲ್ಲಿ ಪ್ರತಿ ಗುಂಡಿಯನ್ನೂ, ತೆರೆಯಬಹುದಾದ ಪ್ರತಿ ಕಾರಿನ ಬಾಗಿಲನ್ನೂ ಮೊದಲೇ ಕಾಣುತ್ತಿದ್ದೆ. ಟಿವಿಎಸ್ ಮೊಪೆಡ್ಡುಗಳು, ಹೊಸದಾಗಿ ಬಂದ ಸ್ಕೂಟಿಗಳು, ಬೈಕುಗಳು ಎರಡು ಕಡೆಯಿಂದಲೂ ಉಜ್ಜಿಕೊಂಡು ಹೋಗುತ್ತಿದ್ದವು. ಊರು 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಜೀಪುಗಳೂ ಹೆಚ್ಚಿದವು. ಸೈಕಲ್ಲಿನವರು ರಸ್ತೆಯ ಅಂಚಿಗೆ, ಅಂಚಿನಿಂದ ಮಣ್ಣಿಗೆ ಸರಿದರು. ಮೂರು ವರ್ಷ ಅವಳನ್ನು ಹೀಗೆ ಕರೆದೊಯ್ದೆ. ಅವಳು ಬೆತ್ತದ ಸೀಟಿಗೆ ದೊಡ್ಡವಳಾದಳು. ಕೆಲವು ವರ್ಷ ಕಳೆದು ನಾನೂ ಸ್ಕೂಟಿ ಕೊಂಡೆ.

ನಾನು ಮದುವೆಯಾಗಿ ಸೈಕಲ್ ಬಿಟ್ಟ ಹೊತ್ತಿಗೇ ತಮಿಳುನಾಡಿನ ಒಂದು ಬರಡು ಜಿಲ್ಲೆಯಲ್ಲಿ ಸಾವಿರಾರು ಹೆಂಗಸರು ಸೈಕಲ್ ಹತ್ತುತ್ತಿದ್ದರೆಂದು ನನಗೆ ತಿಳಿದದ್ದು ಪತ್ರಕರ್ತ ಪಿ. ಸಾಯಿನಾಥ್ ಅವರ ಬರಹದಿಂದ. ಅದು ಪುದುಕ್ಕೋಟೈ. ಅಲ್ಲಿ 1991ರಲ್ಲಿ ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಆಂದೋಲನ ಆರಂಭವಾಯಿತು. ನಮ್ಮಲ್ಲಿಯೂ ದಕ್ಷಿಣ ಕನ್ನಡ, ವಿಜಾಪುರ ಮುಂತಾದ ಕಡೆ ಅಂಥ ಆಂದೋಲನಗಳು ಆ ವರ್ಷಗಳಲ್ಲೇ ನಡೆದವು, ಸ್ಲೇಟು ಬಳಪ ಹಿಡಿದು ರಾತ್ರಿ ಶಾಲೆಗೆ ಹೋದ ಶಿಕ್ಷಕರು ನಮ್ಮಲ್ಲಿ ಬಹಳ ಮಂದಿ. ಪುದುಕ್ಕೋಟೈಯ ವಿಶೇಷವೆಂದರೆ ಅಂದಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅಕ್ಷರದ ಜೊತೆಗೆ ಸೈಕಲ್ಲನ್ನೂ ಸೇರಿಸಿದ್ದು. ಹಳ್ಳಿಯಿಂದ ಹಳ್ಳಿಗೆ ಓಡಾಡಲಾಗದ ಹೆಂಗಸು ಅಕ್ಷರ ಕಲಿತು ಎಲ್ಲಿಗೆ ಹೋಗಬೇಕು? ಸೈಕಲ್ ಕೊಳ್ಳಲು ಸಾಲ ಕೊಡುವಂತೆ ಬ್ಯಾಂಕುಗಳನ್ನು ಒಪ್ಪಿಸಿದರು. ಕಲ್ಲುಕ್ವಾರಿಯ ಕೂಲಿಯವರು, ಹೊಲದ ಕೆಲಸದವರು, ಅಂಗನವಾಡಿಯವರು, ಹಳ್ಳಿಯ ದಾದಿಯರು, ಶಿಕ್ಷಕಿಯರು ಕಲಿತರು. 1992ರ ಮಹಿಳಾ ದಿನದಂದು ಹ್ಯಾಂಡಲ್ಲಿಗೆ ಬಾವುಟ ಕಟ್ಟಿ, ಬೆಲ್ಲು ಬಾರಿಸುತ್ತ 1,500 ಹೆಂಗಸರು ಪುದುಕ್ಕೋಟೈಯ ಬೀದಿಗಳಲ್ಲಿ ಹೋದರಂತೆ. ಪ್ರದರ್ಶನ, ಸ್ಪರ್ಧೆಗಳಲ್ಲಿ ತಾವು ಕಲಿತದ್ದನ್ನು ಎಲ್ಲರೆದುರು ತೋರಿಸಿದವರು 70,000ಕ್ಕೂ ಹೆಚ್ಚು. ಕುಹಕದ ಮಾತು ಅವರಿಗೂ ತಪ್ಪಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬರಹದಲ್ಲಿನ ಒಂದು ಚಿಕ್ಕ ವಿವರ. ಅಷ್ಟೊಂದು ಲೇಡೀಸ್ ಸೈಕಲ್ ಅಂಗಡಿಗಳಲ್ಲಿ ಇರಲಿಲ್ಲ. ಹಾಗಾಗಿ ಹೆಂಗಸರು ಗಂಡಸರ ಸೈಕಲ್ಲನ್ನೇ ಕೊಂಡರು. ಆಮೇಲೆ ಕೆಲವರು ಅದನ್ನೇ ಬೇಕೆಂದರು. ಏಕೆ? ಸೀಟಿನಿಂದ ಹ್ಯಾಂಡಲ್ಲಿಗೆ ಬಾರು ಇದೆಯಲ್ಲ, ಅದರ ಮೇಲೆ ಮಗುವನ್ನು ಕೂರಿಸಬಹುದು! ಹೆಂಗಸು ಹತ್ತದಿರಲೆಂದೇ ಇಟ್ಟಂತಿದ್ದ ಬೇಲಿ ಅವರ ಕೈಯಲ್ಲಿ ಮಗುವಿನ ಆಸನವಾಗಿಬಿಟ್ಟಿತ್ತು. ಲೇಡೀಸ್ ಸೈಕಲ್ ಎಂಬುದನ್ನು ರೂಪಿಸಿದವರು ಹೆಂಗಸಿನ ಲಂಗವನ್ನು ನೆನೆದರು, ಅವಳ ಮಗುವನ್ನು ನೆನೆಯಲಿಲ್ಲ. ಕ್ವಾರಿಯಲ್ಲಿ ಜಲ್ಲಿ ಒಡೆಯುವ ಹೆಂಗಸಿಗೆ ಅದು ತಕ್ಷಣ ಹೊಳೆಯಿತು. ಬಿ.ಎ., ಬಿ.ಎಡ್. ಮಾಡಿದ ನಾನು ಇದನ್ನು ಓದುವವರೆಗೆ ಬಾರನ್ನು ಆ ದೃಷ್ಟಿಯಿಂದ ನೋಡಿರಲಿಲ್ಲ.

ನಮ್ಮ ರಾಜ್ಯದಲ್ಲಿ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಹೊಸ ಸೈಕಲ್ಲುಗಳನ್ನು ಹೆಸರು ಕೂಗಿ ಹಂಚುವ ಕೆಲಸವನ್ನು ಎಷ್ಟೋ ವರ್ಷ ನಾನೇ ಮಾಡಿದ್ದೇನೆ. ಗುಣಮಟ್ಟದ ಬಗ್ಗೆ ದೂರುಗಳಿದ್ದವು, ಸರಿ. ಆದರೂ ನಾಲ್ಕು ಕಿಲೋಮೀಟರಿನ ಹಳ್ಳಿಯಿಂದ ನಡೆದು ಬಂದು ಮೊದಲ ಪಿರಿಯಡ್ಡಿನಲ್ಲೇ ತೂಕಡಿಸುತ್ತಿದ್ದ ಹುಡುಗಿಯರು ಎರಡು ಜಡೆ ಹಾರಿಸುತ್ತ ಗೇಟಿನೊಳಗೆ ಬಂದದ್ದನ್ನು ಕಂಡವರಿಗೆ ಆ ಯೋಜನೆಯ ಬೆಲೆ ಗೊತ್ತು. 2020ರಲ್ಲಿ ಕೋವಿಡ್ ಬಂದಾಗ ಅದು ನಿಂತಿತು. ಮೊದಲ ವರ್ಷಗಳಲ್ಲಿ ನನ್ನ ಕೈಯಿಂದ ಸೈಕಲ್ ಪಡೆದ ಕೆಲವು ಹುಡುಗಿಯರು ಈಗ ತಾಯಂದಿರಾಗಿ ಪೋಷಕರ ಸಭೆಗೆ ಬರುತ್ತಾರೆ. ‘ಸೈಕಲ್ ಏನಾಯ್ತೇ?’ ಎಂದು ಕೇಳುವುದು ನನ್ನ ಚಟ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ತಮ್ಮ ತೆಗೆದುಕೊಂಡ, ಅಪ್ಪ ಹಾಲಿನ ಕ್ಯಾನು ಕಟ್ಟಿಕೊಂಡರು, ಗುಜರಿಗೆ ಹೋಯಿತು. ‘ನೀನೀಗ ತುಳೀತೀಯಾ?’ ಎಂದರೆ ಬಾಯಿಗೆ ಸೆರಗಿಟ್ಟು ನಗುತ್ತಾರೆ, ನಾನೇನೋ ಮತ್ತೆ ಕುಂಟೆಬಿಲ್ಲೆ ಆಡು ಎಂದಂತೆ. ಅಂಗನವಾಡಿಗೆ ಮಗುವನ್ನು ಸೊಂಟದ ಮೇಲೆ ಹೊತ್ತು ನಡೆಯುವವರು ಇವರೇ. 2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು. ಮನೆಯಲ್ಲಿ ಸೈಕಲ್ ಇರುವುದು ಬೇರೆ, ಮನೆಯಾಕೆಗೆ ಇರುವುದು ಬೇರೆ.

ಸೈಕಲ್ ಇದ್ದು, ತುಳಿಯುವ ಅಭ್ಯಾಸವೂ ಇದ್ದು, ರಸ್ತೆಯೇ ಕೈತಪ್ಪಿದ ದೇಶವೊಂದರ ಕಥೆ ಇನ್ನೊಂದು ಬಗೆಯದು. ನೆದರ್ಲೆಂಡ್ಸ್ ಎಂದರೆ ಈಗ ಸೈಕಲ್ಲಿನ ಸ್ವರ್ಗ ಎನ್ನುತ್ತೇವೆ. ಮುಂದೊಂದು ಹಿಂದೊಂದು ಮಗುವನ್ನು ಕೂರಿಸಿಕೊಂಡು ಹೋಗುವ ತಾಯಂದಿರ ಚಿತ್ರಗಳನ್ನು ನೋಡಿ, ‘ಅವರದ್ದು ಬಿಡಿ, ಅದು ಅವರ ಸಂಸ್ಕೃತಿ’ ಎಂದುಬಿಡುತ್ತೇವೆ. ಸಂಸ್ಕೃತಿ ಎನ್ನುವ ಮಾತು ಎಷ್ಟೋ ಸಲ ಚರಿತ್ರೆಯನ್ನು ಮುಚ್ಚುವ ಚಾಪೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿಯೂ ಕಾರುಗಳು ತುಂಬಿದವು. ಕಾರಿಗಾಗಿ ಹಳೆಯ ಬೀದಿಗಳನ್ನು ಕೆಡವಿದರು. ಸೈಕಲ್ಲಿನವರು ನಮ್ಮ ಹಾಗೆಯೇ ಅಂಚಿಗೆ ಸರಿದರು. 1971ರಲ್ಲಿ, ಒಂದು ಕೋಟಿ ಮೂವತ್ತು ಲಕ್ಷ ಜನರಿದ್ದ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 3,300. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು.

ಆ ವರ್ಷ ಮಗಳನ್ನು ಕಳೆದುಕೊಂಡವರಲ್ಲಿ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತನೂ ಒಬ್ಬ. 1972ರಲ್ಲಿ ಆತ ತನ್ನ ಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹವೇ ಚಳವಳಿಯ ಹೆಸರಾಯಿತು. ಕನ್ನಡದಲ್ಲಿ ಹೇಳುವುದಾದರೆ ‘ಶಿಶುಹತ್ಯೆ ನಿಲ್ಲಿಸಿ’. ಅಪಘಾತ ಎನ್ನಲಿಲ್ಲ, ಹತ್ಯೆ ಎಂದ. ಅಪಘಾತವೆಂದರೆ ದೈವದ ಮೇಲೆ ಹೊರೆ ಹಾಕಿ ಕೂರಬಹುದು. ಹತ್ಯೆಯೆಂದರೆ ಯಾರೋ ಉತ್ತರ ಹೇಳಬೇಕಾಗುತ್ತದೆ. ಸಂಘಟನೆಯ ಮೊದಲ ಅಧ್ಯಕ್ಷೆ ಮಾರ್ಟ್ಯೆ ವಾನ್ ಪುಟ್ಟೆನ್, ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ಒಬ್ಬ ಎಳೆಯ ತಾಯಿ. ಮುಂದೆ ಯುರೋಪಿನ ಸಂಸತ್ತಿನ ಸದಸ್ಯೆಯಾದವರು. ಇವರು ಮಾಡಿದ್ದೇನು? ಬೀದಿಗಳನ್ನು ಒಂದು ದಿನದ ಮಟ್ಟಿಗೆ ಮುಚ್ಚಿಸಿ ಮಕ್ಕಳಿಗೆ ಆಡಲು ಬಿಟ್ಟರು. ರಸ್ತೆಯ ಮಧ್ಯೆ ಮೇಜು ಹಾಕಿ ನೆರೆಹೊರೆಯವರೆಲ್ಲ ಒಟ್ಟಿಗೆ ಊಟ ಮಾಡಿದರು. ಪ್ರಧಾನಿ ಯೂಪ್ ಡೆನ್ ಆಯ್ಲ್ ಅವರ ಮನೆಗೆ ಸೈಕಲ್ಲಿನಲ್ಲಿ ಹೋಗಿ ಬಾಗಿಲಲ್ಲಿ ಹಾಡು ಹೇಳಿ, ಮಕ್ಕಳಿಗೆ ಸುರಕ್ಷಿತ ಬೀದಿ ಕೇಳಿದರು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಸರ್ಕಾರವೇ ನವೆಂಬರ್ 4ರಿಂದ ಕಾರಿಲ್ಲದ ಭಾನುವಾರಗಳನ್ನು ಸಾರಿತು. ಬರಿದಾದ ಹೆದ್ದಾರಿಯಲ್ಲಿ ಜನ ಗಾಲಿಬೂಟು ಕಟ್ಟಿಕೊಂಡು ಓಡಾಡಿದರಂತೆ! ರಸ್ತೆ ಬೇರೆ ತರಹವೂ ಇರಬಹುದೆಂದು ಅವರಿಗೆ ಕಣ್ಣಾರೆ ಕಂಡಿತು. ಡೆಲ್ಫ್ಟ್ ಊರಿನಲ್ಲಿ ಗಿಡ, ಕುಂಡ, ಬೆಂಚು ಇಟ್ಟು ಕಾರು ನಡಿಗೆಯ ವೇಗದಲ್ಲೇ ಹೋಗುವಂತೆ ಮಾಡಿದ ವಸತಿ ಬೀದಿಗಳಿಗೆ 1976ರಲ್ಲಿ ಕಾನೂನಿನ ಮನ್ನಣೆ ಸಿಕ್ಕಿತು. ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಪ್ರತ್ಯೇಕ ಸೈಕಲ್ ದಾರಿಗಳ ಪ್ರಯೋಗ ನಡೆಯಿತು. ಇವತ್ತು ಅಲ್ಲಿ ಸುಮಾರು 35,000 ಕಿಲೋಮೀಟರ್ ಸೈಕಲ್ ಪಥವಿದೆ. ಜನರ ಓಡಾಟದಲ್ಲಿ ಕಾಲು ಭಾಗಕ್ಕೂ ಹೆಚ್ಚು ಸೈಕಲ್ ಮೇಲೆಯೇ. ತಲೆತಲಾಂತರದಿಂದ ಬಂದ ಗುಣವಲ್ಲ ಅದು. ತಂದೆತಾಯಂದಿರು ಬೀದಿಗಿಳಿದು, ಹೋದದ್ದನ್ನು ಮರಳಿ ತಂದದ್ದು.

ನಮ್ಮ ಲೆಕ್ಕವನ್ನೂ ಹೇಳಬೇಕಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಈ ಅಂಕಿಯನ್ನು ಓದಿ ಪುಟ ತಿರುಗಿಸುವುದು ನಮಗೆ ಅಭ್ಯಾಸವಾಗಿದೆ.

ನನಗೆ ಪುಟ ತಿರುಗಿಸಲಾಗದ ಕಾರಣವೊಂದಿದೆ. ಬೆತ್ತದ ಸೀಟಿನ ಮೇಲೆ ಕೂತು ಡಬ್ಬಿ ಎಣಿಸಿದ ಆ ಮಗಳು ಈಗ ಬೆಂಗಳೂರಿನಲ್ಲಿದ್ದಾಳೆ, ಅವಳಿಗೆ ಮೂರು ವರ್ಷದ ಮಗನಿದ್ದಾನೆ. ಮಗನ ಶಿಶುವಿಹಾರ ಒಂದೂವರೆ ಕಿಲೋಮೀಟರು. ಕಾರು ತೆಗೆದರೆ ನಿಲ್ಲಿಸಲು ಜಾಗವಿಲ್ಲ, ನಡೆಸಿದರೆ ಅರ್ಧ ದಾರಿಗೆ ‘ಎತ್ಕೋ’ ಎನ್ನುತ್ತಾನೆ. ಕಾಲೇಜು ದಿನಗಳ ನಂತರ ಬಿಟ್ಟಿದ್ದ ಸೈಕಲ್ಲನ್ನು ಮತ್ತೆ ಹತ್ತುತ್ತೇನೆ ಎಂದು ಹೊರಟಳು. ಬೀಗಿತ್ತಿ ಫೋನು ಮಾಡಿ, ‘ನೀವೇ ಒಂದು ಮಾತು ಹೇಳಿ, ಸ್ಕೂಟರಾದರೂ ವಾಸಿ’ ಎಂದರು. ಸ್ಕೂಟರಿನಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್, ಸೊಂಟಪಟ್ಟಿ, 40 ಕಿಲೋಮೀಟರಿಗಿಂತ ಮಿಗದ ವೇಗ ಎಂದು 2023ರಿಂದ ನಿಯಮವಿದೆ. ಸೈಕಲ್ಲಿನ ಮಗುವಿನ ಬಗ್ಗೆ ಆ ನಿಯಮ ಏನನ್ನೂ ಹೇಳುವುದಿಲ್ಲ. ಅವರ ಆತಂಕ ನನ್ನ ಅತ್ತೆಯ ಆತಂಕವೇ. ಆದರೆ ಅತ್ತೆಗೆ ಉತ್ತರ ಕೊಟ್ಟಷ್ಟು ಸಲೀಸಾಗಿ ಇವರಿಗೆ ಕೊಡಲು ನನ್ನ ನಾಲಿಗೆ ಏಳಲಿಲ್ಲ. ನಮ್ಮ ಅಶೋಕ ರಸ್ತೆ ಎಲ್ಲಿ, ಬೆಂಗಳೂರಿನ ರಸ್ತೆ ಎಲ್ಲಿ. ಜಯನಗರದಲ್ಲಿ ಬಣ್ಣ ಬಳಿದು ಮಾಡಿದ ಸೈಕಲ್ ಪಥ ಕಾರು ನಿಲ್ಲಿಸುವ ಜಾಗವಾದದ್ದನ್ನು ನೋಡಿದ್ದೇನೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಬೇರ್ಪಡಿಸಿದ ಪಥದ ಗೂಟಗಳೂ ಉಳಿಯಲಿಲ್ಲ.

ದಸರೆ ರಜೆಯಲ್ಲಿ ಹೋಗಿ ಒಂದು ವಾರ ಅವಳ ಮನೆಯಲ್ಲಿದ್ದೆ. ದಿನವೂ ಬೆಳಿಗ್ಗೆ ಎಂಟೂವರೆಗೆ ಆ ಒಂದೂವರೆ ಕಿಲೋಮೀಟರನ್ನು ಮಗಳ ಜೊತೆ ನಡೆದೆ. ಇತಿಹಾಸ ಹೇಳುವವಳಿಗೆ ನಕ್ಷೆಯ ಹುಚ್ಚು ಇದ್ದೇ ಇರುತ್ತದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಖ್ಯರಸ್ತೆ ಬಿಟ್ಟು ಒಳರಸ್ತೆಗಳಲ್ಲಿ ಹೋದರೆ ದಾರಿ ಮುನ್ನೂರು ಮೀಟರು ಹೆಚ್ಚಾಗುತ್ತದೆ, ಆದರೆ ಬಸ್ಸು ಲಾರಿ ಇಲ್ಲ. ಅಪಾಯವಿದ್ದದ್ದು ಮೂರು ಕಡೆ. ನೀರಿನ ಟ್ಯಾಂಕರು ತಿರುಗುವ ಒಂದು ಮೂಲೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಕಾರುಗಳು ನುಗ್ಗುವ ಒಂದು ಬಾಗಿಲು, ಸಿಗ್ನಲ್ಲಿಲ್ಲದ ಒಂದು ನಾಲ್ಕು ರಸ್ತೆ. ಆ ಶಿಶುವಿಹಾರದ ಇನ್ನೂ ನಾಲ್ವರು ತಾಯಂದಿರಿಗೆ ಸೈಕಲ್ ಗೊತ್ತಿತ್ತು. ಎಲ್ಲರೂ ಒಂದು ಕಾಲದಲ್ಲಿ ತುಳಿದು ಬಿಟ್ಟವರೇ. ಐವರೂ ಸೇರಿ ಆ ಮೂರು ಜಾಗಗಳಲ್ಲಿ ರಸ್ತೆ ಉಬ್ಬು ಹಾಕಿಸಿಕೊಡಬೇಕೆಂದು ಅರ್ಜಿ ಬರೆದರು. ಕನ್ನಡದಲ್ಲಿ ಅರ್ಜಿ ತಿದ್ದಿಕೊಟ್ಟವಳು ನಾನು, ಕೆಂಪು ಶಾಯಿ ಬಳಸದೆ.

ಬೀಗಿತ್ತಿಯನ್ನೂ ಒಂದು ದಿನ ಆ ದಾರಿಯಲ್ಲಿ ಕರೆದುಕೊಂಡು ಹೋದೆ. ‘ಆ ಟ್ಯಾಂಕರ್ ಮೂಲೆ ಒಂದು ನೋಡಿ, ನನಗೆ ಅದೇ ಭಯ’ ಎಂದರು. ಬೇಡ ಎನ್ನಲಿಲ್ಲ.

ಮಗಳು ಕೊಂಡದ್ದು ಗಂಡಸರ ಸೈಕಲ್ಲು, ಹಳೆಯದು. ಬಾರಿನ ಮೇಲೆ ಕೂರಿಸುವ ಪುಟ್ಟ ಸೀಟು ದೊಡ್ಡ ಅಂಗಡಿಗಳಲ್ಲಿ ಸಿಗಲಿಲ್ಲ; ಹೊರದೇಶದ್ದಕ್ಕೆ ಸೈಕಲ್ಲಿಗಿಂತ ಹೆಚ್ಚು ಬೆಲೆ. ಕೊನೆಗೆ ವೆಲ್ಡಿಂಗ್ ಅಂಗಡಿಯವನಿಗೆ ಚಿತ್ರ ಬರೆದು ತೋರಿಸಿ, ಕಾಲಿಡುವ ಪಟ್ಟಿ ಸಮೇತ ಮಾಡಿಸಿದೆವು. ಅಪಾರ್ಟ್‌ಮೆಂಟಿನ ಮುಂದೆ ಒಂದು ಉಬ್ಬು ಬಂದಿದೆ. ಉಳಿದ ಎರಡರ ಅರ್ಜಿ ಕಚೇರಿಯಲ್ಲಿದೆ. ಮಗಳು ಮತ್ತು ಗೆಳತಿಯರು ತಿಂಗಳಿಗೊಮ್ಮೆ ಹೋಗಿ ಕೇಳಿ ಬರುತ್ತಾರೆ, ಹೋಗುವಾಗ ಮಕ್ಕಳನ್ನೂ ಕರೆದೊಯ್ಯುತ್ತಾರೆ. ನಾಲ್ಕು ರಸ್ತೆ ಸೇರುವಲ್ಲಿ ಅವಳು ಇಳಿದು ಸೈಕಲ್ ತಳ್ಳಿಕೊಂಡು ದಾಟುತ್ತಾಳಂತೆ. ಮೊಮ್ಮಗ ಇಳಿಯುವುದಿಲ್ಲ, ಬಾರಿನ ಮೇಲೆ ಕೂತು ದಾಟುವವರೆಗೂ ಬೆಲ್ಲು ಬಾರಿಸುತ್ತಿರುತ್ತಾನಂತೆ.